ಅಣ್ಣ ಕಡಲಿಗಿಳಿಯುತ್ತಿದ್ದ ಭಾನುವಾರಗಳು

ನನ್ನ ಅಣ್ಣ ತೀರಿಕೊಂಡದ್ದು ಅಡಿಲೇಡಿನ ಒಂದು ಆಸ್ಪತ್ರೆಯಲ್ಲಿ. ಅವನ ಕೋಣೆಯ ಕಿಟಕಿಯಿಂದ ಕಾರ್ ಪಾರ್ಕ್ ಕಾಣುತ್ತಿತ್ತು, ಕಡಲು ಕಾಣುತ್ತಿರಲಿಲ್ಲ. ಆಯುಷ್ಯದ ಬಹುಪಾಲು ಕಡಲಿಗೆ ಮುಖಮಾಡಿಕೊಂಡೇ ಬದುಕಿದವನಿಗೆ ಕೊನೆಯಲ್ಲಿ ಅಷ್ಟಾದರೂ ಸಿಗಬಾರದಿತ್ತೇ ಎಂದು ನನಗೆ ಈಗಲೂ ಅನಿಸುತ್ತದೆ. ಅವನು ಮಾತ್ರ ಅದಕ್ಕಾಗಿ ಕೊರಗಲಿಲ್ಲ. "ಒಳ್ಳೆದಾಯ್ತು ಬಿಡು, ಈಗ ಅದನ್ನು ನೋಡ್ಲಿಕ್ಕೆ ಮನಸ್ಸಿಲ್ಲ" ಅಂದಿದ್ದ.

ನಾವು ಮಂಗಳೂರು ಕಡೆಯ ಕ್ರೈಸ್ತರು. ಮನೆಮಾತು ಕೊಂಕಣಿ, ಶಾಲೆ ಕನ್ನಡ. ಅಣ್ಣ ನನ್ನೊಡನೆ ಆಡಿದ್ದೆಲ್ಲ ಕೊಂಕಣಿಯಲ್ಲಿ. ನನಗೆ ಬರೆಯಲು ಬರುವುದು ಕನ್ನಡವಾದ್ದರಿಂದ ಅವನ ಮಾತನ್ನು ನಮ್ಮೂರಿನ ಕನ್ನಡದಲ್ಲೇ ಇಡುತ್ತಿದ್ದೇನೆ. ನಾನಿರುವುದು ಪರ್ತ್‌ನ ಸದರ್ನ್ ರಿವರ್‌ನಲ್ಲಿ. ಒಂದು ಪೆಥಾಲಜಿ ಸೆಂಟರಿನಲ್ಲಿ ದಿನವಿಡೀ ಜನರ ತೋಳು ಕಟ್ಟಿ ರಕ್ತ ತೆಗೆಯುವ ಕೆಲಸ. ಹೆಸರಲ್ಲಿ ನದಿ ಇದೆಯೇ ಹೊರತು, ನಮ್ಮ ಮನೆಗೆ ಕಡಲ ಗಾಳಿ ಬರುವುದು ಸಂಜೆ ಹೊತ್ತು, ಅದೂ ಬೇಸಿಗೆಯಲ್ಲಿ ಮಾತ್ರ.

ಮದುವೆಗೆ ಮೊದಲು ನಾವಿಬ್ಬರೂ ಬಹ್ರೇನಿನಲ್ಲಿದ್ದೆವು. ಅಣ್ಣ ಏಸಿ ಮೆಕ್ಯಾನಿಕ್, ನಾನು ಆಸ್ಪತ್ರೆಯ ಲ್ಯಾಬಿನಲ್ಲಿ. ಮುಹರಕ್‌ನ ಒಂದು ಹಳೆಯ ಮನೆಯ ಮಹಡಿಯಲ್ಲಿ ಎರಡು ಕೋಣೆ ಹಿಡಿದಿದ್ದೆವು. ಕೆಳಗೆ ಮನೆಯ ಯಜಮಾನ. ಎಲ್ಲರೂ ಅವರನ್ನು ಹಾಜಿ ಎಂದೇ ಕರೆಯುತ್ತಿದ್ದರು. ಎಪ್ಪತ್ತು ದಾಟಿದ ಒಣಕಲು ದೇಹ, ಎರಡು ಕಿವಿಯೂ ಕೇಳಿಸುತ್ತಿರಲಿಲ್ಲ. ಹರೆಯದಲ್ಲಿ ಮುತ್ತಿನ ದೋಣಿಗಳಲ್ಲಿ ಮುಳುಗುಗಾರರಾಗಿದ್ದವರು. ಕಿವಿ ಹೋದದ್ದೂ ಅಲ್ಲಿಯೇ. ಆಳದ ನೀರು ಒತ್ತಿ ಒತ್ತಿ ಕಿವಿಯ ತಮಟೆ ಹರಿದು, ವಾಸಿಯಾಗಿ, ಮತ್ತೆ ಹರಿದು, ಕೊನೆಗೆ ಸದ್ದೇ ನಿಂತುಹೋಗಿತ್ತಂತೆ. ಭಾರತದ ಜನರ ಜೊತೆ ವ್ಯಾಪಾರ ಮಾಡಿದ ಮನೆತನವಾದ್ದರಿಂದ ಅವರಿಗೆ ಮುರುಕು ಹಿಂದಿ ಬರುತ್ತಿತ್ತು. ತಮ್ಮದೇ ದನಿ ತಮಗೆ ಕೇಳದಿದ್ದರಿಂದ ತುಂಬ ಜೋರಾಗಿ ಮಾತಾಡುತ್ತಿದ್ದರು.

ಒಂದು ಶುಕ್ರವಾರ ದೋಣಿ ನಿಲ್ಲುವ ದಕ್ಕೆಯಲ್ಲಿ ಯಾರದೋ ಬೀಗದಕೈ ಗೊಂಚಲು ನೀರಿಗೆ ಬಿತ್ತು. ಅಣ್ಣ ಅಂಗಿ ಬಿಚ್ಚಿ ಧುಮುಕಿದ. ಅವನು ಮೇಲೆ ಬರುವಷ್ಟರಲ್ಲಿ ದಡದಲ್ಲಿದ್ದವರಿಗೆಲ್ಲ ಗಾಬರಿಯಾಗಿತ್ತು, ನನಗೂ ಕೂಡ. ಬೀಗದಕೈ ಹಿಡಿದು ಬಂದವನ ಎದೆಯ ಮೇಲೆ ಹಾಜಿ ಅಂಗೈ ಇಟ್ಟು, ಮಾವಿನ ಹಣ್ಣು ಒತ್ತಿ ನೋಡುವ ಹಾಗೆ ನೋಡಿ, "ಮುಂದಿನ ಜುಮ್ಮಾ ದಿನ ನಮಾಜು ಮುಗಿದ ಮೇಲೆ ಬಾ. ದೋಣಿ ಇದೆ" ಎಂದು ಇಡೀ ದಕ್ಕೆಗೆ ಕೇಳುವಂತೆ ಕೂಗಿ ಹೇಳಿದರು.

ಹಾಗೆ ಶುರುವಾಯಿತು. ಹಾಜಿಯ ಮಗ ದೋಣಿಯ ಎಂಜಿನ್ ನೋಡಿಕೊಳ್ಳುತ್ತಿದ್ದ. ನಾನು ಚಿತ್ರಾನ್ನವೋ ಹುರಿದ ಮೀನೋ ಕಟ್ಟಿಕೊಂಡು ಹೋಗುತ್ತಿದ್ದೆ. ಬಹ್ರೇನಿನ ಬೇಸಿಗೆಯ ಕಡಲು ಒಲೆಯಿಂದ ಈಗಷ್ಟೇ ಇಳಿಸಿದ ನೀರಿನ ಹಾಗೆ ಬೆಚ್ಚಗೆ. ಅಣ್ಣನ ಮೂಗಿಗೆ ಕೊಂಬಿನಿಂದ ಮಾಡಿದ ಚಿಮಟಿ, ಬೆರಳುಗಳಿಗೆ ಚರ್ಮದ ಟೋಪಿ, ಕೊರಳಿಗೆ ಹಗ್ಗದ ಬುಟ್ಟಿ. ಒಂದು ಕಾಲನ್ನು ಕಲ್ಲು ಕಟ್ಟಿದ ಹಗ್ಗದ ಕುಣಿಕೆಯಲ್ಲಿಟ್ಟು ಸರ್ರನೆ ಇಳಿದುಬಿಡುತ್ತಿದ್ದ. ಅವನ ಹೊಟ್ಟೆಗೆ ಕಟ್ಟಿದ ಇನ್ನೊಂದು ಹಗ್ಗ ಹಾಜಿಯ ಕೈಯಲ್ಲಿ. ಕೆಳಗಿನವನು ಜಗ್ಗಿದ ಕೂಡಲೇ ಮೇಲಿನವನು ಎಳೆಯಬೇಕು. ಹಾಜಿ ಆಗ ನನ್ನ ಕಡೆ, ಮಗನ ಕಡೆ, ಎತ್ತಲೂ ಕತ್ತು ತಿರುಗಿಸುತ್ತಿರಲಿಲ್ಲ. ಆ ಮುಖದಲ್ಲಿನ ಭಯ ಈಗಲೂ ನನ್ನ ಕಣ್ಣಲ್ಲಿದೆ. ಯಾವುದೋ ಕಾಲದಲ್ಲಿ ಯಾರನ್ನೋ ಎಳೆಯಲು ತಡವಾಗಿತ್ತೇನೋ. ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ತಂದ ಚಿಪ್ಪುಗಳನ್ನು ದೋಣಿಯ ಹಲಗೆಯ ಮೇಲೆ ಸುರುವಿ ಚೂರಿಯಿಂದ ಬಿಡಿಸುತ್ತಿದ್ದೆವು. ಒದ್ದೆ ಮಾಂಸದೊಳಗೆ ಹೆಬ್ಬೆರಳು ಆಡಿಸಿ ಹುಡುಕುವುದು. ಏನೂ ಇರುತ್ತಿರಲಿಲ್ಲ. ಅಪರೂಪಕ್ಕೊಮ್ಮೆ ಸಾಸಿವೆಯಷ್ಟು ಒಂದು. ಒಂದು ದಿನ ರಾಶಿ ರಾಶಿ ಬಿಡಿಸಿದರೂ ಒಂದು ಸಾಸಿವೆಯೂ ಸಿಗಲಿಲ್ಲ. ಬಿಸಿಲಿಗೆ ವಾಸನೆ ಏಳತೊಡಗಿತು, ಕೆಲವು ಇನ್ನೂ ಅಲುಗುತ್ತಿದ್ದವು. ಅಣ್ಣ ಚೂರಿ ಕೆಳಗಿಟ್ಟ.

"ಇಷ್ಟೆಲ್ಲ ಸುಮ್ಮನೆ ಸತ್ತುವಲ್ಲ" ಎಂದು ಹಿಂದಿಯಲ್ಲಿ ಹೇಳಿದ. ಹಾಜಿಗೆ ಕೇಳಿಸಲಿಲ್ಲ. ಕೈಸನ್ನೆಯಿಂದ ರಾಶಿಯನ್ನು ತೋರಿಸಿ ಮತ್ತೊಮ್ಮೆ ಹೇಳಿದ. ಹಾಜಿ ಬಹಳ ಹೊತ್ತು ಆ ರಾಶಿಯನ್ನೇ ನೋಡಿದರು. "ಮಗನೇ, ನಾನು ಬಿಡಿಸಿದ್ದನ್ನೆಲ್ಲ ಒಂದು ಕಡೆ ಹಾಕಿದರೆ ನೀನಿರುವ ಮನೆ ಮುಚ್ಚಿಹೋಗುತ್ತದೆ. ಅದರಲ್ಲಿ ಸಿಕ್ಕ ಒಂದು ಮುತ್ತೂ ನನ್ನ ಹೆಂಡತಿಯ ಕೊರಳಿಗೆ ಬರಲಿಲ್ಲ."

ಮುಂದಿನ ವಾರದಿಂದ ಅಣ್ಣ ಬುಟ್ಟಿಯಿಲ್ಲದೆ ಇಳಿಯತೊಡಗಿದ. ಮುದುಕರಿಗೆ ಇದು ವಿಚಿತ್ರವಾಗಿ ಕಂಡಿತು.

"ಬುಟ್ಟಿ ಇಲ್ಲದೆ ಯಾಕೆ ಹೋಗ್ತೀಯ?"

"ನೋಡಲಿಕ್ಕೆ." ಅಣ್ಣ ತನ್ನ ಕಣ್ಣು ಮುಟ್ಟಿ ತೋರಿಸಿದ.

"ಏನನ್ನು?"

ಹಾಜಿ ಕೇಳಿದ್ದು ತಮಾಷೆಗಲ್ಲ. ಅಷ್ಟು ವರ್ಷ ಕಡಲ ತಳದಲ್ಲಿ ಓಡಾಡಿದರೂ ಚಿಪ್ಪೊಂದನ್ನು ಬಿಟ್ಟು ಬೇರೇನನ್ನೂ ನೋಡಲು ಅವರಿಗೆ ಉಸಿರಿರಲಿಲ್ಲ. ಅಂದಿನಿಂದ ಅಣ್ಣ ಪ್ರತಿ ಸಲ ಮೇಲೆ ಬಂದಾಗ ಕಂಡದ್ದನ್ನು ಕಿವುಡು ಮುದುಕರಿಗೆ ಅಭಿನಯಿಸಿ ತೋರಿಸುವ ರೂಢಿಯಾಯಿತು. ಅಂಗೈ ಅಗಲಿಸಿ, ಮೊರದಂತೆ ಚಪ್ಪಟೆಯಾದ ತೊರಕೆ ಮೀನಾಗುತ್ತಿದ್ದ. ಒಮ್ಮೆ ದೂರದ ಹುಲ್ಲುಗಾವಲಿನಂಥ ತಳದಲ್ಲಿ ಕಡಲಹಸುಗಳ ತಾಯಿ-ಮರಿಯನ್ನು ಕಂಡು ಬಂದವನು, ದೋಣಿಯ ಹಲಗೆಯ ಮೇಲೆ ಬೋರಲು ಮಲಗಿ, ತುಟಿ ಮುಂದೆ ಮಾಡಿ ಹುಲ್ಲು ಮೇಯುವಂತೆ ಮಾಡಿದ. ಹಾಜಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತ ಮೇಲೂ ಕಣ್ಣೊರೆಸಿಕೊಳ್ಳುತ್ತಲೇ ಇದ್ದರು.

ಹಾಜಿ ತೀರಿಹೋದ ಮೇಲೆ ನಮಗೂ ಆ ಊರಿನಲ್ಲಿ ಮನಸ್ಸು ನಿಲ್ಲಲಿಲ್ಲ. ನಾನು ಮದುವೆಯಾಗಿ ಪರ್ತ್‌ಗೆ ಬಂದೆ. ಅಣ್ಣ ಬೆಂಗಳೂರಿನ ಹುಡುಗಿಯೊಬ್ಬಳನ್ನು ಮೆಚ್ಚಿ ಮದುವೆಯಾಗಿ ಅಡಿಲೇಡಿಗೆ ಬಂದ. ಅತ್ತಿಗೆಯ ಮನೆಮಾತು ಕನ್ನಡ, ಹಾಗಾಗಿ ಆ ಮನೆಯಲ್ಲಿ ಕನ್ನಡವೇ ನಡೆಯಿತು. ಒಬ್ಬಳು ಮಗಳು ಹುಟ್ಟಿದಳು. ಅಣ್ಣನಿಗೆ ಸೂಪರ್ ಮಾರ್ಕೆಟ್‌ಗಳ ಕೋಲ್ಡ್ ರೂಮ್ ರಿಪೇರಿ ಮಾಡುವ ಕೆಲಸ. ವಾರವಿಡೀ ಕರೆ ಬಂದಲ್ಲಿಗೆ ವ್ಯಾನ್ ಓಡಿಸುವುದು. ಭಾನುವಾರ ಬೆಳಿಗ್ಗೆ ಇಗರ್ಜಿಯಲ್ಲಿ ಪೂಜೆ ಮುಗಿದ ಕೂಡಲೇ ರಬ್ಬರಿನ ಉಡುಪು ಹಾಕಿಕೊಂಡು ದಕ್ಷಿಣದ ಕಡಲಿಗೆ ಹೋಗಿಬಿಡುತ್ತಿದ್ದ. ಅಲ್ಲಿಯ ನೀರು ತಣ್ಣಗೆ ಕೊರೆಯುತ್ತದೆ. "ಹಾಜಿ ಇದ್ದಿದ್ರೆ ಈ ನೀರಿಗೆ ಕಾಲು ಸಹ ಹಾಕ್ತಿರ್ಲಿಲ್ಲ" ಎಂದು ಫೋನಿನಲ್ಲಿ ನಗುತ್ತಿದ್ದ.

ಅತ್ತಿಗೆಗೆ ನಗು ಬರುತ್ತಿರಲಿಲ್ಲ. ಗುರುತು ಪರಿಚಯವಿಲ್ಲದ ಊರು, ಕೈಯಲ್ಲಿ ಕೂಸು, ವಾರಕ್ಕೊಮ್ಮೆ ಗಂಡ ಮನೆಯಲ್ಲಿರಬೇಕಾದ ದಿನ ಅವನು ನೀರಿನೊಳಗೆ. ಒಂದು ಸಲ ನಾನು ಹೋದಾಗ ಅಡುಗೆಮನೆಯಲ್ಲಿ ನಿಂತು ಹೇಳಿದಳು: "ಸವತಿ ಅಂತ ಒಬ್ಳು ಇದ್ದಿದ್ರೆ ಹೋಗಿ ಜುಟ್ಟು ಹಿಡಿದು ಜಗಳ ಆಡ್ತಿದ್ದೆ. ಸಮುದ್ರದ ಜೊತೆ ಏನಂತ ಆಡ್ಲಿ ಹೇಳಿ?" ಮಗುವಿಗೆ ನಾಲ್ಕು ವರ್ಷವಾಗಿದ್ದಾಗ ಅವಳು ಬ್ರಿಸ್ಬೇನಿನ ಕ್ಯಾಲಮ್‌ವೇಲ್‌ನಲ್ಲಿದ್ದ ತನ್ನ ಅಕ್ಕನ ಮನೆಗೆ ಹೊರಟುಹೋದಳು. ತಿರುಗಿ ಬರಲಿಲ್ಲ. ಇಬ್ಬರೂ ಒಳ್ಳೆಯವರೇ. ಯಾರನ್ನು ದೂರುವುದು ಎಂದು ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ.

ಒಂಟಿಯಾದ ಮೇಲೆ ಅಣ್ಣ ಇನ್ನಷ್ಟು ಕಡಲಿನವನಾದ. ಒಂದು ಹಳೆಯ ಜೆಟ್ಟಿಯ ಕಂಬಗಳ ಕೆಳಗೆ ಅವನಿಗೆ ಒಂದು ಮೀನಿನ ಪರಿಚಯವಾಯಿತು. ಲೀಫಿ ಸೀಡ್ರ್ಯಾಗನ್ ಎನ್ನುತ್ತಾರೆ. ಕಡಲಕುದುರೆಯ ಜಾತಿ. ಮೈತುಂಬ ಎಲೆ ಎಲೆಯಂಥ ಚಿಗುರು, ಪಾಚಿಯ ನಡುವೆ ನಿಂತರೆ ಪಾಚಿಯೇ. ಗಂಡು ಬಸುರು ಹೊರುವ ಜಾತಿ ಅದು. ಹೆಣ್ಣು ಮೊಟ್ಟೆಗಳನ್ನು ಗಂಡಿನ ಬಾಲದಡಿಗೆ ಅಂಟಿಸಿ ಹೋಗುತ್ತದೆ, ಮರಿಯಾಗುವವರೆಗೂ ಅದನ್ನು ಹೊತ್ತು ತಿರುಗುವುದು ಗಂಡೇ. ಮನುಷ್ಯರಿಗೆ ಹೇಗೋ ಹಾಗೆ ಒಂದೊಂದಕ್ಕೂ ಮುಖದ ಮೇಲೆ ಬೇರೆ ಬೇರೆ ಚುಕ್ಕೆ, ಗೆರೆ. ಅಣ್ಣನ ಮೀನಿಗೆ ಎಡಗೆನ್ನೆಯಲ್ಲಿ ಮುರಿದ ಬಳೆಯಂಥ ಒಂದು ಗೆರೆ ಇತ್ತು. ಅವನು ಫೋನ್ ಮಾಡಿದಾಗಲೆಲ್ಲ ಅದರ ಸುದ್ದಿ. "ಈ ಸಲವೂ ಮೊಟ್ಟೆ ಹೊತ್ತಿದ್ದಾನೆ ಮಾರಾಯ್ತಿ, ಗುಲಾಬಿ ಬಣ್ಣದ್ದು. ನಡೆಯುವಾಗ ಎಷ್ಟು ಜಾಗ್ರತೆ ಗೊತ್ತುಂಟಾ?" ಮೀನು ಈಜುತ್ತದೆ ಎನ್ನುತ್ತಿರಲಿಲ್ಲ ಅವನು, ನಡೆಯುತ್ತದೆ ಎನ್ನುತ್ತಿದ್ದ.

ನಾನು ಕೇಳುತ್ತಿದ್ದೆ, ಹೂಂಗುಟ್ಟುತ್ತಿದ್ದೆ. ಮಗಳ ಸುದ್ದಿ ಕೇಳಿದರೆ ಮಾತ್ರ ಅವನಲ್ಲಿ ಮಾತು ಕಡಿಮೆ. ಮೊದಮೊದಲು ವರ್ಷಕ್ಕೊಮ್ಮೆ ಹೋಗಿ ನೋಡಿ ಬರುತ್ತಿದ್ದ. ಆಮೇಲೆ ಐದಾರು ವರ್ಷಕ್ಕೊಮ್ಮೆಯಾಯಿತು, ಕೊನೆಗೆ ಅದೂ ನಿಂತಿತು. ಯಾಕೆಂದು ಹೇಳಲಿಲ್ಲ.

ಅರವತ್ತು ತುಂಬುವ ಮೊದಲೇ ಅವನಿಗೆ ಒಣಕೆಮ್ಮು ಹತ್ತಿತು. ಮೆಟ್ಟಿಲು ಹತ್ತಿದರೆ ಏದುಸಿರು. ಪರೀಕ್ಷೆ ಮಾಡಿದವರು ಶ್ವಾಸಕೋಶ ಒಳಗಿಂದೊಳಗೆ ಗಂಟುಕಟ್ಟಿ ಗಟ್ಟಿಯಾಗುತ್ತಿದೆ, ಇದಕ್ಕೆ ತಿರುಗಿ ಮೆತ್ತಗಾಗುವ ದಾರಿಯಿಲ್ಲ ಎಂದರು. ಯಾಕೆ ಬಂತು ಎಂದರೆ ಅವರಿಗೂ ಗೊತ್ತಿಲ್ಲ. ಹಾಜಿ ಅಂಗೈಯಿಟ್ಟು ಮೆಚ್ಚಿದ್ದ ಎದೆ ಅದು. ಡೈವಿಂಗ್ ಬಿಡಬೇಕಾಯಿತು. ಮನೆಯಲ್ಲಿ ಆಮ್ಲಜನಕದ ಯಂತ್ರ, ಹೊರಗೆ ಹೋಗಲು ಹೆಗಲಿಗೆ ಹಾಕಿಕೊಳ್ಳುವ ಚಿಕ್ಕದೊಂದು. ನಾನು ಮೊದಲ ಸಲ ಹೋಗಿ ನೋಡಿದಾಗ ಮೂಗಿನ ನಳಿಗೆಯನ್ನು ಮುಟ್ಟಿ ತೋರಿಸುತ್ತಾ, "ಈಗ ಹಗ್ಗ ಹೊಟ್ಟೆಗಲ್ಲ, ಮೂಗಿಗೆ ಕಟ್ಟಿದ್ದಾರೆ ನೋಡು" ಎಂದ. ನಾನು ನಗಲಿಲ್ಲ. ಅವನೇ ನಕ್ಕು ಕೆಮ್ಮಿದ.

ಆ ವರ್ಷ ಅಡಿಲೇಡಿನ ಕಡಲು ಎಂದಿಲ್ಲದಷ್ಟು ಬೆಚ್ಚಗಾಯಿತು. ಬೇಸಿಗೆ ಮುಗಿದರೂ ಆರಲಿಲ್ಲ. ಆಮೇಲೆ ದಡಕ್ಕೆ ಹಳದಿ ನೊರೆ ಬರತೊಡಗಿತು. ಅಲೆಯಾಟಕ್ಕೆ ಹೋದವರಿಗೆ ಗಂಟಲು ಉರಿ, ಕಣ್ಣು ಉರಿ. ಅದರ ಹಿಂದೆಯೇ ಸತ್ತ ಮೀನುಗಳು. ಕಣ್ಣಿಗೆ ಕಾಣದ ಒಂದು ಜಾತಿಯ ಪಾಚಿ ಹುಚ್ಚಾಪಟ್ಟೆ ಬೆಳೆದು ನೀರನ್ನು ವಿಷ ಮಾಡಿದೆ ಎಂದು ಟೀವಿಯಲ್ಲಿ ಹೇಳಿದರು. ನಾನು ಪರ್ತ್‌ನಲ್ಲಿ ಕೂತು ನೋಡಿದೆ. ಕೂಡಲೇ ಫೋನ್ ಮಾಡಿದರೆ ಅವನು ಎತ್ತಲಿಲ್ಲ. ಮಧ್ಯಾಹ್ನ ಅವನೇ ಮಾಡಿದ. ಗಾಳಿಯ ಸದ್ದು ಕೇಳಿಸುತ್ತಿತ್ತು.

"ಎಲ್ಲಿದ್ದಿ?"

"ಬೀಚಲ್ಲಿ."

"ನಿನಗೆ ತಲೆ ಸರಿ ಉಂಟಾ? ಉಸಿರಾಟದ ತೊಂದರೆ ಇದ್ದವರು ಹತ್ತಿರ ಹೋಗಬಾರದು ಅಂತ ಹೇಳ್ತಾ ಇದ್ದಾರಲ್ಲ!"

"ಮೀನುಗಳಿಗೆ ಯಾರೂ ಹೇಳ್ಲಿಲ್ಲ" ಎಂದು ಫೋನಿಟ್ಟ.

ನಾನು ರಜೆ ಹಾಕಿ ಹೋದೆ. ಬೈದೆ, ಅತ್ತೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಅವರಿಂದಲೂ ಬೈಸಿದೆ. ಕೊನೆಗೆ ಆ ಡಾಕ್ಟರಮ್ಮನೇ, ಅವನ ಮುಖ ನೋಡಿ, ಗಾಳಿ ದಡದಿಂದ ಕಡಲ ಕಡೆಗೆ ಬೀಸುವ ದಿನ ಮಾಸ್ಕ್ ಹಾಕಿಕೊಂಡು ಸ್ವಲ್ಪ ಹೊತ್ತು ಹೋಗಿಬನ್ನಿ ಎಂದರು. ಅವರಿಗೂ ಗೊತ್ತಿತ್ತು, ತಡೆದು ಉಳಿಸಿಕೊಳ್ಳುವಂಥದ್ದು ಹೆಚ್ಚೇನೂ ಉಳಿದಿರಲಿಲ್ಲ.

ಅಂಥ ಒಂದು ಬೆಳಿಗ್ಗೆ ಹಳೆಯ ಜೆಟ್ಟಿಯ ದಡಕ್ಕೆ ಹೋದೆವು. ನಾನು ಅವನ ತೋಳು ಹಿಡಿದಿದ್ದೆ. ಯಂತ್ರ ಅವನ ಹೆಗಲಲ್ಲಿ ಟಿಕ್ ಟಿಕ್ ಎನ್ನುತ್ತಿತ್ತು. ನಾನು ಆ ದಡವನ್ನು ವರ್ಣಿಸಲಾರೆ. ತೊರಕೆಗಳು ಹೊಟ್ಟೆ ಮೇಲಾಗಿ ಬಿದ್ದಿದ್ದವು, ಆ ಹೊಟ್ಟೆಯ ಮೇಲೆ ನಗುವಂಥ ಬಾಯಿ. ಬಳ್ಳಿಯಂಥ ಕಾಲುಗಳ ಬೊಂಡಾಸುಗಳು, ಮರಿ ಶಾರ್ಕುಗಳು, ಹೆಸರು ಗೊತ್ತಿಲ್ಲದ ಬಣ್ಣ ಬಣ್ಣದ ಮೀನುಗಳು. ಬಾಯಿ ತೆರೆದು ಸತ್ತ ಚಿಪ್ಪುಗಳಂತೂ ಅಲೆ ಬಂದು ಮುಟ್ಟುವ ಗೆರೆಯುದ್ದಕ್ಕೂ. ಅವುಗಳ ಮೇಲೆ ಕಾಲಿಡದೆ ನಡೆಯುವುದು ಸಾಧ್ಯವಿರಲಿಲ್ಲ. ಕಾಲಡಿಯಲ್ಲಿ ಒಂದೊಂದೂ ಚಟ್ ಎಂದಾಗ ಅಣ್ಣ ಬೆಚ್ಚುತ್ತಿದ್ದ.

ಅಲ್ಲಲ್ಲಿ ಪಾಚಿಯ ಮುದ್ದೆಗಳಿದ್ದವು. ಅವನು ಬಗ್ಗಲಾರ. "ಅದನ್ನು ಸ್ವಲ್ಪ ತಿರುಗಿಸು" ಎನ್ನುತ್ತಿದ್ದ. ನಾನು ಕೈಗವಸು ಹಾಕಿದ್ದ ಕೈಯಿಂದ ತಿರುಗಿಸುತ್ತಿದ್ದೆ. ಹಾಗೆ ತಿರುಗಿಸಿದವುಗಳಲ್ಲಿ ಕೆಲವು ಪಾಚಿಯಾಗಿರಲಿಲ್ಲ. ಎಲೆಗಳೆಲ್ಲ ಮೈಗೆ ಮೆತ್ತಿಕೊಂಡು, ಒದ್ದೆ ಕಾಗದದ ಬೊಂಬೆಯ ಹಾಗೆ. ಬಣ್ಣ ಹೋಗಿತ್ತು. ಒಂದೊಂದನ್ನೂ ಅಂಗೈಯಲ್ಲಿಟ್ಟು ಅವನ ಕಣ್ಣಿನ ಹತ್ತಿರ ಹಿಡಿದೆ. ಅವನು ಎಡಗೆನ್ನೆ ನೋಡುತ್ತಿದ್ದ. "ಇದಲ್ಲ" ಎನ್ನುತ್ತಿದ್ದ. ಇನ್ನೊಂದು. "ಇದೂ ಅಲ್ಲ." ಮತ್ತೊಂದನ್ನು ಹಿಡಿದೆ. ಮಾಸ್ಕ್ ಸರಿಸಿ ಅದನ್ನು ತನ್ನ ಕೈಗೆ ತೆಗೆದುಕೊಂಡ. ಬಾಲದಡಿಯಲ್ಲಿ ಮೊಟ್ಟೆ ಅಂಟಿದ್ದ ಗುಳಿಗಳ ಗುರುತು ನನಗೂ ಕಂಡಿತು.

"ಅವನೇ" ಎಂದ. ಹೆಬ್ಬೆರಳಿನಿಂದ ಅದರ ಮೈಯ ಮರಳು ಒರೆಸುತ್ತಾ, "ಇಲ್ಲೇ ಇದ್ದ. ಎಲ್ಲಿಗೂ ಓಡಿಹೋಗಿರ್ಲಿಲ್ಲ" ಎಂದ.

ಮನೆಗೆ ಬಂದ ಮೂರನೆಯ ದಿನ ಗಂಜಿ ಕುಡಿಯುತ್ತಾ ಕುಳಿತವನು ತಟ್ಟನೆ ಕೇಳಿದ: "ನನ್ನ ಮಗಳು ಈಗ ಎಷ್ಟು ಎತ್ತರ ಇದ್ದಾಳೆ?"

ಆ ಪ್ರಶ್ನೆಯನ್ನು ಹೊತ್ತುಕೊಂಡು ನಾನು ಬ್ರಿಸ್ಬೇನಿಗೆ ಹೋದೆ. ಮೊದಲು ಕ್ಯಾಲಮ್‌ವೇಲ್‌ನಲ್ಲಿ ಅತ್ತಿಗೆಯ ಮನೆಗೆ. ತಲೆಗೂದಲೆಲ್ಲ ಬೆಳ್ಳಗಾಗಿತ್ತು. ವಿಷಯ ಕೇಳಿ ಕುರ್ಚಿಯ ಮೇಲೆ ಕುಳಿತುಬಿಟ್ಟಳು. "ನಾನು ಬರಲ್ಲ. ಬಂದ್ರೆ ಅವರಿಗೂ ಕಷ್ಟ, ನಂಗೂ ಕಷ್ಟ. ಮಗಳು ದೊಡ್ಡವಳಾಗಿದಾಳೆ, ಅವಳನ್ನೇ ಕೇಳಿ" ಎಂದಳು. ಹೊರಡುವಾಗ ಒಂದು ಬಾಟಲಿ ನಿಂಬೆ ಉಪ್ಪಿನಕಾಯಿ ಕೊಟ್ಟು, "ನಾನು ಕೊಟ್ಟೆ ಅಂತ ಹೇಳ್ಬೇಡಿ. ಬಾಯಿಗೆ ರುಚಿ ಇರಲ್ಲ ಪಾಪ, ಅದಕ್ಕೆ" ಎಂದಳು.

ಅಣ್ಣನ ಮಗಳು ಫೋರ್ಟಿಟ್ಯೂಡ್ ವ್ಯಾಲಿಯ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಊಟದ ವಿರಾಮಕ್ಕೆ ಕೆಳಗಿನ ಕೆಫೆಗೆ ಬಂದಳು. ಅಣ್ಣನದೇ ಹುಬ್ಬು, ಅಣ್ಣನದೇ ಅಗಲ ಭುಜ. ನಾನು ಹೇಳುವುದನ್ನೆಲ್ಲ ಕಾಫಿ ಮುಟ್ಟದೆ ಕೇಳಿದಳು. ನಾನು ಕಡಲ ದಡದಲ್ಲಿ ನಡೆದದ್ದನ್ನೂ ಹೇಳಿದೆ. ಹೇಳಬಾರದಿತ್ತೇನೋ.

"ಸೋ ಅಪ್ಪ ಒಂದು ಫಿಶ್ ಮುಖ ನೋಡಿ ಗುರುತು ಹಿಡಿದ್ರು" ಎಂದಳು.

"ಹೌದು ಮಗಾ."

"ಆಂಟಿ, ನಂಗೆ ಫಿಫ್ಟೀನ್ ಇದ್ದಾಗ, ತುಂಬಾ ವರ್ಷ ಆದ್ಮೇಲೆ ಅವರು ಬಂದಿದ್ರು. ನಾನು ಒಬ್ಳೇ ಏರ್‌ಪೋರ್ಟಿಗೆ ಹೋದೆ, ಸರ್ಪ್ರೈಸ್ ಮಾಡೋಣ ಅಂತ. ಹೊಸ ಡ್ರೆಸ್ ಹಾಕ್ಕೊಂಡು ಗೇಟ್ ಹತ್ರ ನಿಂತಿದ್ದೆ. ಅವರು ನನ್ನ ನೋಡಿದ್ರು. ಲುಕ್ಡ್ ಸ್ಟ್ರೇಟ್ ಅಟ್ ಮಿ. ಆಮೇಲೆ ಪಾಸ್ ಆಗಿ ಹೋಗ್ಬಿಟ್ರು." ಅವಳ ದನಿ ಏರಲಿಲ್ಲ. "ಅವರಿಗೆ ನನ್ನ ಮುಖ ಗೊತ್ತಿರ್ಲಿಲ್ಲ. ನಾನು ಕರೀಲೂ ಇಲ್ಲ. ಬಸ್ ಹತ್ತಿ ಮನೆಗೆ ಹೋದೆ."

ಅವಳು ಎದ್ದು, ಬಗ್ಗಿ ನನ್ನನ್ನು ತಬ್ಬಿಕೊಂಡು ಲಿಫ್ಟಿನ ಕಡೆ ನಡೆದುಹೋದಳು. ನಾನು ಉಪ್ಪಿನಕಾಯಿ ಬಾಟಲಿಯೊಂದನ್ನೇ ಹಿಡಿದು ಅಡಿಲೇಡಿಗೆ ಬಂದೆ. ಅಣ್ಣ ಒಂದು ಬೆರಳಲ್ಲಿ ಮುಟ್ಟಿ ನಾಲಿಗೆಗಿಟ್ಟುಕೊಂಡು ಕಣ್ಣು ಮುಚ್ಚಿದ. ಯಾರು ಮಾಡಿದ್ದು ಎಂದು ಕೇಳಲಿಲ್ಲ.

ಚಳಿಗಾಲ ಬಂತು. ನಾನು ಕೆಲಸಕ್ಕೆ ಒಂದಷ್ಟು ದಿನ ಪರ್ತ್‌ಗೆ ಹೋಗುವುದು, ಮತ್ತೆ ರಜೆ ಹಾಕಿ ಬರುವುದು ಮಾಡುತ್ತಿದ್ದೆ. ನನ್ನ ಗಂಡ ಒಂದು ದಿನವೂ ಬೇಡ ಅನ್ನಲಿಲ್ಲ. ಅಣ್ಣನನ್ನು ಆಸ್ಪತ್ರೆಗೆ ಸೇರಿಸಿದ ವಾರ, ಒಂದು ಮಧ್ಯಾಹ್ನ ನಾನು ಅವನ ತಲೆ ಬಾಚುತ್ತಿದ್ದಾಗ ಬಾಗಿಲಲ್ಲಿ ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಅಣ್ಣನ ಮಗಳು ನಿಂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಅವಳು ನನಗೆ ಬೇಡ ಎಂದು ಕೈಸನ್ನೆ ಮಾಡಿದಳು. ಅವನೇ ಗುರುತು ಹಿಡಿಯುತ್ತಾನೋ ಇಲ್ಲವೋ ನೋಡಬೇಕಿತ್ತು ಅವಳಿಗೆ.

ಅಣ್ಣ ನೋಡಿದ. ಮಾಸ್ಕಿನೊಳಗೆ ಉಸಿರು ಮಂಜುಗಟ್ಟುತ್ತಿತ್ತು. ಬಹಳ ಹೊತ್ತು ನೋಡಿದ. ಆಮೇಲೆ ಅವನು ಕೈ ಎತ್ತಿ ಮಾಸ್ಕ್ ಸರಿಸಿ ಕನ್ನಡದಲ್ಲಿ, ಅವಳಿಗೆ ಅರ್ಥವಾಗುವ ಹಾಗೆ, ನಿಲ್ಲಿಸಿ ನಿಲ್ಲಿಸಿ ಹೇಳಿದ.

"ಆ ದಿನ... ಏರ್‌ಪೋರ್ಟಲ್ಲಿ... ನೀಲಿ ಫ್ರಾಕ್. ಅದು ನೀನಲ್ವಾ?"

ಅವಳು ಅಲ್ಲೇ ನಿಂತಿದ್ದಳು.

"ನಿಮ್ಮ ಮನೆಗೆ ಬಂದ ಮೇಲೆ... ಸೋಫಾ ಮೇಲೆ ಆ ಫ್ರಾಕ್ ನೋಡಿದೆ. ಆಗ ಗೊತ್ತಾಯ್ತು. ನಾನು ಅಲ್ಲಿ ಚಿಕ್ಕ ಹುಡುಗಿಯನ್ನು ಹುಡುಕ್ತಾ ಇದ್ದೆ. ಇಷ್ಟೇ ಎತ್ತರದ್ದು." ಮಂಚದ ಅಂಚಿಗಿಂತ ಸ್ವಲ್ಪ ಮೇಲೆ ಕೈಯಿಟ್ಟು ತೋರಿಸಿದ. "ಆಮೇಲೆ ನಿನ್ನ ಎದುರು ಬರ್ಲಿಕ್ಕೆ ಮುಖ ಇರ್ಲಿಲ್ಲ."

ಅಷ್ಟು ಮಾತಿಗೇ ಅವನ ಉಸಿರು ಮುಗಿದಿತ್ತು. ನರ್ಸ್ ಬಂದು ಮಾಸ್ಕ್ ಸರಿ ಮಾಡಿದರು. ಅವಳು ಬ್ಯಾಗನ್ನೂ ಇಳಿಸದೆ ಮಂಚದ ಅಂಚಿನಲ್ಲಿ ಕುಳಿತು ಅವನ ಕೈ ಹಿಡಿದುಕೊಂಡಳು. ಕ್ಷಮಿಸಿದೆ ಎಂದು ಅವಳು ಹೇಳಿದ್ದನ್ನು ನಾನು ಕೇಳಲಿಲ್ಲ. ಆ ದಿನವೂ ಇಲ್ಲ, ಆಮೇಲೂ ಇಲ್ಲ. ಆದರೆ ಅವಳು ವಾಪಸು ಹೋಗಲಿಲ್ಲ. ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಯ ಕುರ್ಚಿಯಲ್ಲೇ ಆಫೀಸಿನ ಕೆಲಸ ಮಾಡಿದಳು. ಅವನು ಎಚ್ಚರವಿದ್ದಾಗ ತನ್ನ ಫೋನಿನಲ್ಲಿದ್ದ ಫೋಟೋಗಳನ್ನು ತೋರಿಸಿದಳು. ಶಾಲೆ, ಗೆಳತಿಯರು, ಪದವಿ ಪಡೆದ ದಿನ. ಅವನು ಪ್ರತಿಯೊಂದನ್ನೂ ಹತ್ತಿರ ಹಿಡಿಸಿ ನೋಡುತ್ತಿದ್ದ. ಮುಂದಕ್ಕೆ ಹೋಗಲು ಬಿಡುತ್ತಿರಲಿಲ್ಲ. "ನಿಲ್ಲು, ನೋಡಿ ಆಗಲಿಲ್ಲ" ಎನ್ನುತ್ತಿದ್ದ.

ಒಂದು ದಿನ ಅವಳು ಕೇಳಿದಳು: "ಅಪ್ಪಾ, ಅಲ್ಲಿ ಕೆಳಗೆ ಏನಿರುತ್ತೆ? ಐ ಕಾಂಟ್ ಈವನ್ ಸ್ವಿಮ್. ಅಮ್ಮ ಕಲಿಯೋಕೆ ಬಿಡ್ಲಿಲ್ಲ."

ಅವನಿಗೆ ಮಾತಾಡಲು ಆಗುತ್ತಿರಲಿಲ್ಲ. ಹೊದಿಕೆಯ ಮೇಲೆ ಎರಡೂ ಕೈಯಿಟ್ಟು ಬೆರಳುಗಳನ್ನು ಮೆಲ್ಲಗೆ ಅಲುಗಿಸಿದ, ಪಾಚಿ ಅಲೆಗೆ ತೂಗುವ ಹಾಗೆ. ಆ ಬೆರಳುಗಳ ನಡುವಿನಿಂದ ಒಂದು ಬೆರಳು ಮಾತ್ರ ಬೇರೆಯಾಗಿ, ನಿಂತು, ಹೆದರಿ ಹೆದರಿ ಮುಂದೆ ಹೋಯಿತು. ಅವಳು ಮಗುವಿನ ಹಾಗೆ ಬಾಯಿ ತೆರೆದು ಅದನ್ನು ನೋಡಿದಳು.

ಆ ವಾರ ಮುಗಿಯುವ ಮೊದಲೇ ಅಣ್ಣ ಹೋದ. ಬೆಳಗಿನ ಹೊತ್ತು, ಪಾದ್ರಿಗಳು ಬಂದು ತೈಲ ಹಚ್ಚಿ ಹೋದ ಮೇಲೆ. ನೀರಿನಲ್ಲಿ ಅಷ್ಟು ಹೊತ್ತು ಉಸಿರು ಕಟ್ಟಿಕೊಂಡಿರುತ್ತಿದ್ದವನ ಕೊನೆಯ ಉಸಿರು ಯಾವುದು ಎಂದು ನಮಗೆ ತಿಳಿಯಲೇ ಇಲ್ಲ. ಇನ್ನೊಂದು ಬರುತ್ತದೆ ಎಂದು ಕಾದೆವು. ಇಗರ್ಜಿಯಲ್ಲಿ ನಮ್ಮ ಕಡೆಯ ಹತ್ತಾರು ಕುಟುಂಬಗಳು ಬಂದಿದ್ದವು. ಓದಲು ಬಂದ ಕರ್ನಾಟಕದ ಕೆಲವು ಹುಡುಗರು ಪೆಟ್ಟಿಗೆಗೆ ಹೆಗಲು ಕೊಟ್ಟರು. ಒಬ್ಬೊಬ್ಬರದು ಒಂದೊಂದು ಧರ್ಮ. ಅವರು ಹಂಚಿಕೊಂಡಿದ್ದ ಬಾಡಿಗೆ ಮನೆಯ ಫ್ರಿಜ್ಜು ಕೆಟ್ಟಾಗಲೆಲ್ಲ ಅಣ್ಣ ಹೋಗಿ ಸರಿ ಮಾಡಿ ಕೊಡುತ್ತಿದ್ದನಂತೆ. ಅತ್ತಿಗೆ ಬರಲಿಲ್ಲ. ಮಣ್ಣು ಹಾಕುವ ಹೊತ್ತಿಗೆ ಮಗಳ ಫೋನ್ ಹೊಡೆದುಕೊಂಡಿತು, ಅವಳಮ್ಮನ ಕರೆ. ಅವಳು ಅದನ್ನು ಆನ್ ಮಾಡಿ, ಗುಂಡಿಯ ಕಡೆಗೆ ಹಿಡಿದುಕೊಂಡು ನಿಂತಳು.

ಬಾಡಿಗೆ ಮನೆ ಖಾಲಿ ಮಾಡಬೇಕಿತ್ತು. ನಾವಿಬ್ಬರೂ ಅಲ್ಲೇ ಉಳಿದು ಪಾತ್ರೆ ಪಗಡ ಕಟ್ಟಿದೆವು. ಅಡುಗೆಮನೆಯ ನೆಲದ ಮೇಲೆ ಕುಳಿತು ಹಳೆಯ ಪೇಪರಿನಲ್ಲಿ ಲೋಟ ಸುತ್ತುತ್ತಿದ್ದಾಗ ಅವಳು ಕೇಳಿದಳು.

"ಆಂಟಿ, ನಾನು ಚಿಕ್ಕವಳಿದ್ದಾಗ ಅಪ್ಪ ಫೋನ್ ಮಾಡಿದ್ರೆ ಯಾವಾಗ್ಲೂ ಫಸ್ಟ್ ಬೈ ಅಂತ ಯಾಕೆ ಹೇಳ್ತಿದ್ರು? ಹಲೋ ಬದ್ಲು."

"ಬೈ ಅಂತಾ?"

"ಹೂಂ. ನಾನು ಎತ್ತಿದ ತಕ್ಷಣ, 'ಬಾಯ್...' ಅಂತ. ಅವರಿಗೆ ಟೈಮ್ ಇಲ್ಲ, ಅಮ್ಮನ ಹತ್ರ ಮಾತಾಡ್ಬೇಕು ಅಂತ ಅನ್ಕೊಂಡು ನಾನೂ ಬೈ ಅಂತ ಹೇಳಿ ಫೋನ್ ಕೊಟ್ಬಿಡ್ತಿದ್ದೆ. ಎವ್ರಿ ಟೈಮ್."

ನನ್ನ ಕೈಯ ಲೋಟ ಕೈಯಲ್ಲೇ ಉಳಿಯಿತು. ಕೊಂಕಣಿಯಲ್ಲಿ ಮನೆಯ ಚಿಕ್ಕ ಹೆಣ್ಣುಮಕ್ಕಳನ್ನು ಮುದ್ದಿನಿಂದ ಕರೆಯುವುದೇ ಹಾಗೆ, ಬಾಯ್ ಎಂದು. ಕನ್ನಡದಲ್ಲಿ ಪುಟ್ಟಿ ಎಂದ ಹಾಗೆ. ಅವನು ಬಹ್ರೇನಿನಲ್ಲಿ ನನ್ನನ್ನೂ ಹಾಗೇ ಕರೆಯುತ್ತಿದ್ದ. ಅವಳಿಗೆ ಕೊಂಕಣಿ ಗೊತ್ತಿರಲಿಲ್ಲ. ಯಾರೂ ಕಲಿಸಲಿಲ್ಲ.

ಅದನ್ನು ಹೇಳಿದೆ. ಬೇರೆ ಏನು ಮಾಡಲಿ? ಹೇಳದೆ ಇರುವುದಾದರೂ ಹೇಗೆ?

ಅವಳು ಸುತ್ತುತ್ತಿದ್ದ ಲೋಟವನ್ನು ಪೂರ್ತಿ ಸುತ್ತಿ ಪೆಟ್ಟಿಗೆಯೊಳಗಿಟ್ಟಳು. ಇನ್ನೊಂದನ್ನು ತೆಗೆದುಕೊಂಡಳು. ಅದನ್ನೂ ಸುತ್ತಿದಳು. ಆಮೇಲೆ ಪೇಪರಿನ ರಾಶಿಯ ಮೇಲೆ ಹಣೆಯಿಟ್ಟು, ಆಸ್ಪತ್ರೆಯಲ್ಲಿ ಅಳದವಳು, ಇಗರ್ಜಿಯಲ್ಲಿ ಅಳದವಳು, ಅತ್ತಳು. ನಾನು ಬೆನ್ನು ಸವರುತ್ತಾ ಕುಳಿತೆ. ಹೊರಗೆ ಬಾಡಿಗೆ ವ್ಯಾನಿನವನು ಬಂದು ಹಾರನ್ ಹೊಡೆದ. ಎದ್ದುಹೋಗಿ ಅರ್ಧ ಗಂಟೆ ಕಾಯಲು ಹೇಳಿ ಬಂದೆ.